ಹೊರೆ ಇದ್ದವರಿಗೆ ಮೊದಲ ದಾರಿ: ಕಾಸರಗೋಡಿನ ಗುಡ್ಡೆ, ಕಟ್ಟಹುಣಿ, ಕಡಲತಡಿಯಲ್ಲಿ ನಡೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರ್ ಭಾನುವಾರ. ಮಂಗಳೂರಿನ ನನ್ನ ಆಫೀಸಿನ ಹದಿನೆಂಟು ಮಂದಿಯನ್ನು ಕಟ್ಟಿಕೊಂಡು ಬಾಯಾರು ಕಡೆಯ ಗುಡ್ಡೆಯೊಂದನ್ನು ಹತ್ತುತ್ತಿದ್ದೆ. ಹುಟ್ಟೂರಿನ ಪಕ್ಕದ ಗುಡ್ಡೆಯಾದ್ದರಿಂದ ನಾನೇ ಗೈಡು, ನಾನೇ ಯಜಮಾನ. ಒಬ್ಬನ ಬೆನ್ನಚೀಲದಲ್ಲಿ ಬ್ಲೂಟೂತ್ ಸ್ಪೀಕರ್ ಕಿರುಚುತ್ತಿತ್ತು. ಮೂರು ಮೂರು ಜನ ಅಕ್ಕಪಕ್ಕ ನಡೆಯುತ್ತಿದ್ದೆವು. ಮೇಲಿನಿಂದ ಮುಳಿಹುಲ್ಲಿನ ದೊಡ್ಡ ಹೊರೆ ಹೊತ್ತು ವಯಸ್ಸಾದ ಹೆಂಗಸೊಬ್ಬರು ಇಳಿದು ಬಂದರು. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂದು ನಾನೆಲ್ಲೋ ಓದಿದ್ದೆ, ಹಾಗಾಗಿ ಸರಿಯಲಿಲ್ಲ. ನನ್ನ ಹಿಂದಿದ್ದವರೂ ಸರಿಯಲಿಲ್ಲ. ಕೊನೆಗೆ ಆ ಅಮ್ಮನೇ ಚೂರಿಮುಳ್ಳಿನ ಪೊದೆಗೆ ಒತ್ತಿ ನಿಂತು ಹದಿನೆಂಟು ಮಂದಿಯನ್ನೂ ದಾಟಿಸಿದರು. ನಾನು ಎದುರಾದಾಗ ತುಳುವಿನಲ್ಲಿ ಒಂದೇ ಮಾತು ಕೇಳಿದರು: "ಎನ್ನ ತರೆಟ್ಟ್ ಪುದೆ ಉಂಡು. ನಿನ್ನ ತರೆಟ್ಟ್ ದಾದ ಉಂಡು ಮಗಾ?" ನನ್ನ ತಲೆಯ ಮೇಲೆ ಹೊರೆ ಉಂಟು, ನಿನ್ನ ತಲೆಯಲ್ಲಿ ಏನುಂಟು ಮಗಾ ಅಂತ.

ಕೆಳಗೆ ಬರೆದಿರುವ ಎಲ್ಲವೂ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ನಮ್ಮಲ್ಲಿ 'ಮಾರ್ಗ' ಅಂದರೆ ವಾಹನ ಹೋಗುವುದು, 'ದಾರಿ' ಅಂದರೆ ಕಾಲು ಹೋಗುವುದು. ವಿಹಾರಕ್ಕೆಂದೇ ಕಡಿದ ದಾರಿಗಳು ಕಾಸರಗೋಡು ಜಿಲ್ಲೆಯಲ್ಲಿ ಬಹಳ ಕಡಿಮೆ. ನಾವು ಭಾನುವಾರ ತಿರುಗಾಡುವ ದಾರಿ ಸೋಮವಾರ ಯಾರಿಗೋ ಹುಲ್ಲಿನ ದಾರಿ, ಮದರಸದ ದಾರಿ, ದನದ ದಾರಿ, ರಬ್ಬರ್ ಹಾಲು ತರುವ ದಾರಿ. ಅದನ್ನು ನೆನಪಿಟ್ಟುಕೊಂಡರೆ ಅರ್ಧ ಶಿಷ್ಟಾಚಾರ ತಾನಾಗಿ ಬರುತ್ತದೆ. ಉಳಿದರ್ಧಕ್ಕೆ ಸ್ವಲ್ಪ ತಿಳಿವಳಿಕೆ ಬೇಕು.

ಹೆಜ್ಜೆ 1: ದಾರಿ ಯಾರದ್ದೆಂದು ತಿಳಿದುಕೊಳ್ಳಿ

ಹೊರಡುವ ಮೊದಲು ಮಾಡಬೇಕಾದ ಕೆಲಸ ಇದು. ಬಹುತೇಕ ಯಾರೂ ಮಾಡುವುದಿಲ್ಲ.

ಅರಣ್ಯದ ದಾರಿಯಾದರೆ ವಿಷಯ ಸುಲಭ. ಪಾಣತ್ತೂರು ಕಡೆಯ ರಾಣಿಪುರಂಗೆ, ಹಳೆಯ ಹೆಸರು ಮಾಡತ್ತುಮಲ, ಹೋದರೆ ಅರಣ್ಯ ಇಲಾಖೆಯ ಕೌಂಟರ್ ಉಂಟು, ಟಿಕೆಟ್ ಉಂಟು, ಪ್ಲಾಸ್ಟಿಕ್ ತಪಾಸಣೆ ಉಂಟು. ಆ ಕಾಡು ಗಡಿಯಾಚೆ ಕೊಡಗಿನ ತಲಕಾವೇರಿ ವನ್ಯಧಾಮಕ್ಕೆ ಹೊಂದಿಕೊಂಡಿದೆ. ಆನೆಗಳಿಗೆ ಕೇರಳ ಕರ್ನಾಟಕ ಎಂಬ ಭೇದ ಇಲ್ಲವಾದ್ದರಿಂದ ಕೆಲವು ದಿನ ಹತ್ತಲು ಬಿಡುವುದಿಲ್ಲ. ನಾವು ಎಂಬತ್ತು ಕಿಲೋಮೀಟರಿನಿಂದ ಬಂದಿದ್ದೇವೆ ಎಂದು ಕೌಂಟರಿನಲ್ಲಿ ಕುಳಿತವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆನೆ ಎಲ್ಲಿದೆ ಎಂದು ಗೊತ್ತಿರುವುದು ಅವರಿಗೆ.

ಪೊಸಡಿ ಗುಂಪೆಯಂಥ ಬೋಳುಗುಡ್ಡೆಗಳಲ್ಲಿ ಹಾಗಿಲ್ಲ. ಧರ್ಮತ್ತಡ್ಕದ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 1,060 ಅಡಿ ಎತ್ತರದ ಈ ಗುಡ್ಡೆಯ ತುದಿಯಿಂದ ಹವಾ ಸ್ವಚ್ಛವಾಗಿದ್ದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಕುದುರೆಮುಖದ ಸಾಲು ಕಾಣುತ್ತದೆ. ಆದರೆ ಇಂಥ ಗುಡ್ಡೆಗಳಿಗೆ ಹೋಗುವ ದಾರಿ ಸಾಮಾನ್ಯವಾಗಿ ಯಾರದ್ದೋ ಅಡಿಕೆ ತೋಟದ ಅಂಚು, ಯಾರದ್ದೋ ಗೇರು ಹಿತ್ತಿಲು, ಆಮೇಲೆ ಸರ್ಕಾರದ ಪೊರಂಬೋಕು, ಹೀಗೆ ಕಲಸುಮೇಲೋಗರ. ಮ್ಯಾಪಿನಲ್ಲಿ ಕಾಣುವ ಚುಕ್ಕಿಗೆರೆ ಹಕ್ಕುಪತ್ರವಲ್ಲ. ಬಸ್ಸು ನಿಲ್ಲುವ ಕಡೆ ಚಹಾದಂಗಡಿಯಲ್ಲಿ ಕೇಳಿ: "ಗುಡ್ಡೆಗೆ ಈ ದಾರಿಯಲ್ಲಿ ಹೋಗಬಹುದಾ? ಯಾರಿಗಾದರೂ ಹೇಳಬೇಕಾ?" ಹತ್ತು ರೂಪಾಯಿಯ ಚಹಾಕ್ಕೆ ಸಿಗುವ ಈ ಮಾಹಿತಿ ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಯಾರ ಮನೆ ನಾಯಿ ಕಚ್ಚುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಗೇರು ಹಿತ್ತಿಲು ಅಂದೆ. ಫೆಬ್ರವರಿಯಿಂದ ಮೇ ತನಕ ಬಿದ್ದ ಹಣ್ಣು ಕಂಡರೆ ಕೈ ಹೋಗುತ್ತದೆ. ಹಣ್ಣು ತಿಂದರೆ ಯಾರೂ ಬೈಯುವುದಿಲ್ಲ, ಬೀಜ ಮಾತ್ರ ತಿರುಪಿ ಅಲ್ಲೇ ಹಾಕಿ. ತೋಟವನ್ನು ಏಲಂಗೆ ಹಿಡಿದವರ ಲೆಕ್ಕ ಇರುವುದು ಆ ಬೀಜದಲ್ಲಿ.

ಹೆಜ್ಜೆ 2: ಕಾಲ ನೋಡಿ ಹೊರಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಪಾಚಿ ಕಟ್ಟುತ್ತದೆ. ಕಪ್ಪಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಟ್ಟರೆ ಯಾವ ಕಂಪನಿಯ ಶೂ ಹಾಕಿದ್ದರೂ ಒಂದೇ. ಇಳಿಯುವಾಗ ಪಾದವನ್ನು ಸ್ವಲ್ಪ ಅಡ್ಡ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ಅದೇ ತಿಂಗಳುಗಳಲ್ಲಿ ಬೋಳು ಪಾದೆಗಳ ಮೇಲೆ ತೆಳ್ಳಗೆ ನೀರು ನಿಂತು ಸಣ್ಣ ಸಣ್ಣ ಹೂಗಳು ಬರುತ್ತವೆ. ಮಲೆಯಾಳಿಗಳು ಓಣಂ ಹೂವಿನ ರಂಗೋಲಿಗೆ ಕೀಳುವ ಕಾಕ್ಕಪೂವು, ಅಂಟುಹನಿಯಲ್ಲಿ ಕೀಟ ಹಿಡಿಯುವ ಬೆರಳುದ್ದದ ಡ್ರೊಸೆರಾ. ಇವು ಬೆಳೆಯುವ ಮಣ್ಣಿನ ಪದರ ಬೆರಳಿನಷ್ಟು ದಪ್ಪವೂ ಇರುವುದಿಲ್ಲ. ಹೂವಿನ ನಡುವೆ ಮಲಗಿ ಫೋಟೊ ತೆಗೆಸಿಕೊಳ್ಳುವವರ ಬೆನ್ನಿನ ಅಚ್ಚು ಆ ಇಡೀ ಮಳೆಗಾಲ ಹಾಗೇ ಉಳಿಯುತ್ತದೆ. ಬರೀ ಕಲ್ಲು ಕಾಣುವ ಕಡೆ ಕಾಲಿಟ್ಟು ನಡೆಯಿರಿ. ದಾರಿಯ ನಡುವೆ ಕೆಸರು ಕಂಡರೆ ಅಂಚಿನ ಹುಲ್ಲು ತುಳಿದು ಸುತ್ತುಬಳಸಬೇಡಿ, ಕೆಸರಿನಲ್ಲೇ ದಾಟಿ. ಒಬ್ಬೊಬ್ಬರೂ ಒಂದೊಂದಡಿ ಬದಿಗೆ ಸರಿದರೆ ಎರಡಡಿಯ ದಾರಿ ಹತ್ತಡಿಯ ರಾಡಿಯಾಗುತ್ತದೆ.

ಏಪ್ರಿಲ್ ಮೇ ಮತ್ತು ಅಕ್ಟೋಬರ್ ನವೆಂಬರ್, ಈ ನಾಲ್ಕು ತಿಂಗಳು ಮಧ್ಯಾಹ್ನದ ನಂತರ ಗುಡ್ಡೆಯ ನೆತ್ತಿಯಲ್ಲಿ ಇರಬೇಡಿ. ತುಲಾಮಳೆಯ ಸಿಡಿಲು ನಮ್ಮ ಕಡೆಯವರಿಗೆ ಹೇಳಿ ಕೊಡಬೇಕಾಗಿಲ್ಲ, ಹೊರಗಿನಿಂದ ಬರುವವರಿಗೆ ಹೇಳಬೇಕು. ಮಿಂಚು ಕಂಡಾಗ ಎಣಿಸಲು ಶುರು ಮಾಡಿ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಓಡುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ಸೂರ್ಯಾಸ್ತ ನೋಡುವ ಆಸೆ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗುಂಪಾಗಿ ಒತ್ತಿ ಕೂರಬೇಡಿ, ಛತ್ರಿ ಮಡಚಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಮತ್ತೆ ಹೊರಡಿ.

ಡಿಸೆಂಬರಿನಿಂದ ಮಾರ್ಚ್ ತನಕ ನಡೆಯಲು ಹಿತ, ಆದರೆ ಮುಳಿಹುಲ್ಲು ಒಣಗಿ ಕಾಗದದಂತಾಗಿರುತ್ತದೆ. ಒಂದು ಬೀಡಿ ತುಂಡಿಗೆ ಗುಡ್ಡೆಯೇ ಹೋಗುತ್ತದೆ, ಗಾಳಿ ಬೀಸಿದರೆ ಕೆಳಗಿನ ತೋಟವೂ ಹೋಗುತ್ತದೆ. ಸೇದುವವರು ಕೆಳಗೇ ಸೇದಿ ಬನ್ನಿ. ಕ್ಯಾಂಪ್ ಫೈರ್ ಎಂಬ ಶಬ್ದವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹೆಜ್ಜೆ 3: ಗಾಡಿ ನಿಲ್ಲಿಸುವುದು, ಗುಂಪು ಕಟ್ಟುವುದು

ನಮ್ಮ ಒಳಮಾರ್ಗಗಳು ಒಂದು ಬಸ್ಸು, ಒಂದು ಆಟೊ ಎದುರುಬದುರಾದರೆ ಉಸಿರು ಬಿಗಿಹಿಡಿಯುವಷ್ಟು ಅಗಲ. ತಿರುವಿನಲ್ಲಿ, ಮನೆಯ ಗೇಟಿನ ಮುಂದೆ, ತಡಮೆಯ ಎದುರು ಕಾರು ನಿಲ್ಲಿಸಬೇಡಿ. ತಡಮೆ ಗೊತ್ತಿಲ್ಲದವರಿಗೆ: ದನ ಒಳನುಗ್ಗದಂತೆ, ಮನುಷ್ಯ ದಾಟುವಂತೆ ಬೇಲಿಯಲ್ಲಿ ಮಾಡಿದ ಕಂಡಿ. ಅದರ ಮುಂದೆ ನಿಮ್ಮ ಕಾರು ನಿಂತರೆ ಒಳಗಿನ ಮನೆಯವರು ಅಡಿಕೆ ಗೋಣಿ ಹೊತ್ತು ಎಲ್ಲಿಂದ ಹೊರಬರಬೇಕು? ಶಾಲೆಯ ಅಂಗಳ, ಮಸೀದಿಯ ಅಂಗಳ, ದೇವಸ್ಥಾನದ ಗದ್ದೆ ಖಾಲಿ ಕಂಡರೂ ಕೇಳಿಯೇ ನಿಲ್ಲಿಸಿ. ಕೇಳಿದರೆ ಇಲ್ಲ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಕೇಳದೆ ನಿಲ್ಲಿಸಿ ಟೈರಿನ ಗಾಳಿ ಕಳೆದುಕೊಂಡವರನ್ನು ಕಂಡಿದ್ದೇನೆ.

ಗುಂಪು ಹತ್ತು ಹನ್ನೆರಡಕ್ಕಿಂತ ದೊಡ್ಡದಾಗದಿರಲಿ. ಹೆಚ್ಚು ಜನ ಇದ್ದರೆ ಎರಡು ಮಾಡಿ, ಕಾಲು ಗಂಟೆ ಬಿಟ್ಟು ಹೊರಡಿ. ದಾರಿ ಬಲ್ಲವರೊಬ್ಬರು ಮುಂದೆ, ತಾಳ್ಮೆ ಇರುವವರೊಬ್ಬರು ಹಿಂದೆ. ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು, ಮುಂದಿನವರನ್ನು ಯಾರೂ ಮೀರಿ ಹೋಗಬಾರದು, ಇಷ್ಟೇ ಕಾನೂನು. ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು. ಡಾಮರು ಮಾರ್ಗದಲ್ಲಿ ನಡೆಯಬೇಕಾದ ತುಂಡು ಬಂದರೆ, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ ಮಾರ್ಗದ ಬಲಬದಿಯಲ್ಲಿ. ಸ್ಪೀಕರ್ ಬೇಡ. ಹಾಡು ಬೇಕೆನಿಸಿದರೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ದಾರಿಗೆ.

ಹೆಜ್ಜೆ 4: ಎದುರಾದಾಗ ಯಾರು ಸರಿಯಬೇಕು

ಇಡೀ ಬರಹದ ಹೊಟ್ಟೆ ಇದು, ಸ್ವಲ್ಪ ನಿಧಾನ ಮಾಡೋಣ.

ಜಗತ್ತಿನ ಬೇರೆ ಕಡೆಗಳ ವಿಹಾರದ ದಾರಿಗಳಲ್ಲಿ ಒಂದು ಪದ್ಧತಿ ರೂಢಿಯಲ್ಲಿದೆ: ಸೈಕಲ್ಲಿನವರು ನಡೆಯುವವರಿಗೆ ಬಿಡಬೇಕು, ಇಬ್ಬರೂ ಕುದುರೆಗೆ ಬಿಡಬೇಕು, ಇಳಿಯುವವರು ಹತ್ತುವವರಿಗೆ ಬಿಡಬೇಕು. ಹತ್ತುವವರಿಗೆ ಯಾಕೆಂದರೆ, ಏರಿನಲ್ಲಿ ಒಮ್ಮೆ ನಿಂತರೆ ಉಸಿರಿನ ಲಯ ತಪ್ಪುತ್ತದೆ, ಮತ್ತೆ ಹೊರಡುವುದು ಕಷ್ಟ. ಅದರ ಮೇಲೆ ಅವರ ಕಣ್ಣು ನೆಲದಲ್ಲಿರುತ್ತದೆ. ನಾನು ಓದಿದ್ದು ಇದನ್ನೇ. ಓದದೆ ಬಿಟ್ಟದ್ದು ಅದರ ಕಾರಣವನ್ನು. ನಿಲ್ಲುವುದು ಯಾರಿಗೆ ಹೆಚ್ಚು ಕಷ್ಟವೋ ಅವರಿಗೆ ದಾರಿ, ಇದು ಕಾರಣ. ನಮ್ಮ ಹಿರಿಯರು ಕುದುರೆಯನ್ನೂ ಸೈಕಲ್ಲನ್ನೂ ಕಾಣದೆ ಇದೇ ಕಾನೂನನ್ನು ಕಟ್ಟಹುಣಿಯ (ಗದ್ದೆಬದುವಿನ) ಮೇಲೆ ನಡೆಸಿಕೊಂಡು ಬಂದವರು. ಹಳೆಯ ದಾರಿಗಳ ಬದಿಯಲ್ಲಿ ಎದೆಯೆತ್ತರಕ್ಕೆ ನೆಟ್ಟ ಕಲ್ಲಿನ ಅತ್ತಾಣಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ತಲೆಯ ಹೊರೆಯನ್ನು ಇನ್ನೊಬ್ಬರ ಸಹಾಯ ಇಲ್ಲದೆ ಇಳಿಸಿ, ಸುಧಾರಿಸಿ, ಮತ್ತೆ ತಲೆಗೇರಿಸಿಕೊಳ್ಳಲು ಮಾಡಿದ ಕಲ್ಲು. ಅಂಥ ಕಲ್ಲಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಮೊದಲು ಅದು ಯಾಕೆ ಅಲ್ಲಿದೆಯೆಂದು ಒಮ್ಮೆ ನೋಡಿ.

ಹಾಗಾಗಿ ನಮ್ಮ ಕಡೆಯ ಕ್ರಮ ಹೀಗೆ.

ಹೊರೆ ಹೊತ್ತವರಿಗೆ ಎಲ್ಲರಿಗಿಂತ ಮೊದಲು. ಅವರು ಹತ್ತುತ್ತಿರಲಿ, ಇಳಿಯುತ್ತಿರಲಿ. ತಲೆಯ ಮೇಲೆ ಹುಲ್ಲಿದ್ದರೆ ಅವರಿಗೆ ಪಕ್ಕ ಕಾಣುವುದಿಲ್ಲ, ಕುತ್ತಿಗೆ ತಿರುಗಿಸಲು ಆಗುವುದಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲೇ ಸರಿದು ನಿಂತು, ನಿಂತಿದ್ದೇನೆಂದು ಬಾಯಲ್ಲಿ ಹೇಳಿ. ಹತ್ತಿರ ಬಂದ ಮೇಲೆ ಗಡಬಡಿಸಿ ಹಾರಿದರೆ ಅವರೇ ಬೆಚ್ಚುತ್ತಾರೆ.

ಆಮೇಲೆ ದನ. ಕಾಸರಗೋಡಿನ ಗಿಡ್ಡ ತಳಿಯ ದನಗಳು ಮೇಕೆಗಿಂತ ಸ್ವಲ್ಪ ದೊಡ್ಡವು, ಸಾಧು. ಆದರೆ ಕರು ಜೊತೆಗಿದ್ದರೆ ಸಾಧುತನ ನಂಬಬೇಡಿ. ತಾಯಿಗೂ ಕರುವಿಗೂ ನಡುವೆ ನುಗ್ಗಬೇಡಿ. ಇಳಿಜಾರಿನ ದಾರಿಯಲ್ಲಿ ದರೆಯ ಬದಿಗೆ ಒರಗಿ ನಿಲ್ಲಿ, ಕಣಿವೆಯ ಬದಿಗಲ್ಲ. ದೂಡಿದರೆ ಬೀಳುವುದು ನೀವು. ದನ ದಾಟುವ ತನಕ ಛತ್ರಿ ಬಿಡಿಸಬೇಡಿ, ಕೈ ಬೀಸಬೇಡಿ. ಮೇಯಿಸುವವರು ಜೊತೆಗಿದ್ದರೆ ಅವರು ಹೇಳಿದಂತೆ ಮಾಡಿ.

ಹಿರಿಯರು, ಮಕ್ಕಳು, ಬಸುರಿಯರು, ಕೋಲು ಹಿಡಿದವರು ಬಂದಾಗ ಲೆಕ್ಕ ಹಾಕಬೇಡಿ, ನಿಂತುಬಿಡಿ. ಇದರ ನಂತರ ಬರುವುದು ಹತ್ತುವವರಿಗೆ ಇಳಿಯುವವರು ಬಿಡುವ ರೂಢಿ. ಅದರಲ್ಲೂ ಹತ್ತುವವರೇ ಉಸಿರು ತೆಗೆದುಕೊಳ್ಳಲು ನಿಂತು "ಹೋಗಿ ಹೋಗಿ" ಎಂದರೆ ಸುಮ್ಮನೆ ಹೋಗಿ, ಮರ್ಯಾದೆಯ ಪೈಪೋಟಿ ಬೇಡ. ದೊಡ್ಡ ಗುಂಪಿಗೆ ಒಂಟಿ ನಡಿಗೆಯವರು ಸಿಕ್ಕಿದರೆ ಗುಂಪೇ ನಿಲ್ಲಲಿ. ಹದಿನೆಂಟು ಮಂದಿ ದಾಟುವ ತನಕ ಒಬ್ಬರು ಮುಳ್ಳಿನಲ್ಲಿ ನಿಲ್ಲುವುದಕ್ಕಿಂತ ಹದಿನೆಂಟು ಮಂದಿ ಹತ್ತು ಸೆಕೆಂಡ್ ನಿಲ್ಲುವುದು ಸಲೀಸು.

ಸೈಕಲ್ಲಿನವರೇ, ಬೆಲ್ಲು ಕಿವಿಯ ಬುಡದಲ್ಲಿ ಬಾರಿಸುವುದಕ್ಕಲ್ಲ. ಇಪ್ಪತ್ತು ಮೂವತ್ತು ಮೀಟರ್ ಹಿಂದಿನಿಂದ ಒಮ್ಮೆ ಬಾರಿಸಿ, ಅವರು ತಿರುಗಿ ನೋಡುವ ತನಕ ಕಾದು, ನಡಿಗೆಯ ವೇಗಕ್ಕೆ ಇಳಿಸಿ ದಾಟಿ. ಹಿಂದೆ ಇನ್ನೂ ಮೂವರು ಬರುತ್ತಿದ್ದರೆ "ಇನ್ನೂ ಮೂರು ಸೈಕಲ್ ಉಂಟು" ಎಂದು ಹೇಳಿ ಹೋಗಿ. ಇಲ್ಲದಿದ್ದರೆ ಮೊದಲನೆಯದು ಹೋಯಿತೆಂದು ಅವರು ದಾರಿಯ ನಡುವಿಗೆ ಬಂದಿರುತ್ತಾರೆ. ಕುರುಡು ತಿರುವಿನಲ್ಲಿ, ಎರಡು ಕಡೆ ಎತ್ತರದ ದರೆ ಇರುವ ಓಣಿಯಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಆ ಓಣಿಗಳಲ್ಲಿ ಸರಿಯಲು ಜಾಗವೇ ಇರುವುದಿಲ್ಲ.

ಮೋಟಾರ್ ಬೈಕನ್ನು ಗುಡ್ಡೆಗೆ ಹತ್ತಿಸುವವರಿಗೆ ನನ್ನಲ್ಲಿ ಶಿಷ್ಟಾಚಾರ ಏನೂ ಇಲ್ಲ, ಹತ್ತಿಸಬೇಡಿ ಎಂಬುದು ಬಿಟ್ಟು. ಮಳೆಗಾಲದಲ್ಲಿ ಹಸಿ ಮಣ್ಣಿನ ಮೇಲೆ ಚಕ್ರ ಕೊರೆದ ಗೆರೆಯಲ್ಲಿ ನೀರು ಇಳಿಯತೊಡಗಿದರೆ ಒಂದೆರಡು ಮಳೆಗಾಲದಲ್ಲಿ ಅದು ಮೊಣಕಾಲುದ್ದದ ಕಣಿಯಾಗುತ್ತದೆ. ಆಮೇಲೆ ಅಲ್ಲಿ ನಡೆಯುವವರೂ ಇಲ್ಲ, ಬೈಕೂ ಇಲ್ಲ.

ಕೂಗಿ ಹೇಳುವ ಭಾಷೆಯ ಬಗ್ಗೆ ಒಂದು ಮಾತು. ಸಪ್ತಭಾಷಾ ಭೂಮಿ ಎಂದು ಭಾಷಣಗಳಲ್ಲಿ ಹೇಳುವುದು ಗುಡ್ಡೆಯ ಮೇಲೆ ನಿಜವಾಗಿಯೇ ಎದುರಾಗುತ್ತದೆ. ಕನ್ನಡದಲ್ಲಿ ಕೇಳಿದರೆ ಮಂಜೇಶ್ವರ, ಕುಂಬಳೆ ಕಡೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ತುಳುವಿನವರಿಗೆ "ಅಣ್ಣಾ, ಒಂತೆ ಸಾದಿ ಬುಡ್ಲೆ" ಅನ್ನಿ. ಚಂದ್ರಗಿರಿ ಹೊಳೆಯ ತೆಂಕುಬದಿಗೆ ಹೋದಂತೆ ಮಲೆಯಾಳ ಬೇಕು. "ಏಟ್ಟಾ, ಸೈಡ್ ತರುವೋ" ಎಂದರೆ ಸಾಕು. ಮಾಪ್ಳೆ ಹಿರಿಯರನ್ನು "ಇಚ್ಚಾ" ಎಂದು ಕರೆದು ನೋಡಿ, ಮುಖ ಅರಳುತ್ತದೆ. ಯಾವ ಭಾಷೆಯೂ ಹೊಳೆಯದಿದ್ದರೆ ನಿಂತು ನಗಾಡಿ. 'ಹಲೋ ಎಕ್ಸ್‌ಕ್ಯೂಸ್ ಮೀ' ಎಂದು ಹಿಂದಿನಿಂದ ಕೂಗಿದರೆ ಅಜ್ಜಂದಿರು ತಮ್ಮನ್ನಲ್ಲ ಎಂದುಕೊಂಡು ನಡೆಯುತ್ತಲೇ ಇರುತ್ತಾರೆ.

ಹೆಜ್ಜೆ 5: ಕಟ್ಟಹುಣಿ, ಸಂಕ, ತಡಮೆ, ತೋಟ

ಗದ್ದೆಯ ಕಟ್ಟಹುಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಹಿಂದೆ ಹೋಗಲೇಬೇಕು. ಹತ್ತಿರದ ಮೂಲೆ ಯಾರ ಹಿಂದಿದೆಯೋ ಅವರು ಹಿಂದೆ ಹೋಗುವುದು. ಗದ್ದೆಗೆ ಇಳಿಯಬೇಡಿ, ಅದರಲ್ಲೂ ನೇಜಿ ಹಾಕಿದ ಗದ್ದೆಗೆ. ಹುಣಿಯ ಅಂಚು ಕಾಲಿನ ಭಾರಕ್ಕೆ ಕುಸಿದರೆ ಕೈಯಿಂದ ಮಣ್ಣು ಮೆತ್ತಿ ಹೋಗಿ. ಅಲ್ಲಿ ನೀರು ಸೋರಿದರೆ ಗದ್ದೆಯವರಿಗೆ ಅರ್ಧ ದಿನದ ಕೆಲಸ.

ತೋಡಿಗೆ ಹಾಕಿದ ಅಡಿಕೆ ಮರದ ಸಂಕದಲ್ಲಿ (ಕಾಲುಸೇತುವೆಯಲ್ಲಿ) ಒಮ್ಮೆಗೆ ಒಬ್ಬರು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಪಾದ ಅಡ್ಡ. ಕೈತಾಂಗು ಬಿದಿರನ್ನು ಎಳೆಯಬೇಡಿ, ಮುಟ್ಟಿಕೊಂಡು ಹೋಗಿ. ಸಂಕದ ನಡುವೆ ರೀಲ್ಸ್ ಮಾಡುವವರು ತೋಡಿನ ನೀರಿನ ರುಚಿ ನೋಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊಗಳುವಂತಿರಲಿಲ್ಲ. ಕೆಂಪು ನೀರು ಬರುತ್ತಿದ್ದರೆ ಮೇಲೆಲ್ಲೋ ಮಳೆ ಹೊಯ್ಯುತ್ತಿದೆ ಎಂದರ್ಥ, ದಾಟಬೇಡಿ.

ತಡಮೆ, ಗೇಟು ಹೇಗಿತ್ತೋ ಹಾಗೆ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಹಂದಿ ಕಾಟಕ್ಕೆ ಹಾಕಿದ ಸೌರಬೇಲಿಯ ತಂತಿ ಮುಟ್ಟಬೇಡಿ, ಯಾವ ತಂತಿಯನ್ನೂ ಮುಟ್ಟಬೇಡಿ. ಎಲ್ಲಿಂದ ಕರೆಂಟು ಎಳೆದಿರುತ್ತಾರೆಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಅಡಿಕೆ ತೋಟದ ದಾರಿಯಲ್ಲಿ ಹೋಗುವಾಗ ಕಿವಿ ಕೊಡಿ. ಪಂಪಿನ ಸದ್ದು ಕೇಳಿದರೆ ಮದ್ದು ಬಿಡುತ್ತಿದ್ದಾರೆ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣದ ದ್ರಾವಣ ಮೇಲಿನಿಂದ ನೀಲಿ ಹನಿಯಾಗಿ ಬೀಳುತ್ತದೆ. ಕಣ್ಣಿಗೆ ಬಿದ್ದರೆ ಉರಿ, ಅಂಗಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ಕೂಗಿ ಕೇಳಿ, ಅವರು ನಿಲ್ಲಿಸಿ ದಾಟಿಸುತ್ತಾರೆ. ಅಡ್ಡ ಬಿದ್ದ ಪೈಪನ್ನು ತುಳಿಯದೆ ದಾಟಿ, ಪೈಪಿನ ಆ ತುದಿ ಹಿಡಿದವರು ನಲುವತ್ತಡಿ ಮೇಲಿದ್ದಾರೆ. ಕೊಯ್ಲಿನ ಕಾಲದಲ್ಲೂ, ತೆಂಗಿನಕಾಯಿ ಕೀಳುವಾಗಲೂ ಇದೇ ಮಾತು: ಮೊದಲು ಮೇಲೆ ನೋಡಿ.

ಗುಡ್ಡೆಯ ಬುಡದಲ್ಲಿ ಕಾಣುವ ಸುರಂಗಗಳ ಒಳಗೆ ಹೋಗಬೇಡಿ. ಅಡ್ಡಕ್ಕೆ ತೋಡಿದ ಬಾವಿ ಅದು, ಒಳಗಿನ ನೀರು ಆ ಮನೆಯವರ ಕುಡಿಯುವ ನೀರು. ಒಳಗೆ ಗಾಳಿ ಕಡಿಮೆ ಇರಬಹುದು, ಮಳೆಗಾಲದಲ್ಲಿ ಮಣ್ಣು ಕುಸಿಯಬಹುದು. ಮುರಕಲ್ಲು ಕಡಿದು ಬಿಟ್ಟ ಕೋರೆಗಳು ಇನ್ನೂ ಮೋಸ. ಹುಲ್ಲಿನ ನಡುವೆ ಬೇಲಿಯಿಲ್ಲದೆ ಗೋಡೆಯಂತೆ ನೇರ ಇಳಿದಿರುತ್ತವೆ, ಮಳೆ ಬಂದರೆ ತುಂಬಿ ಕೆರೆಯಂತೆ ಕಾಣುತ್ತವೆ. ಮೆಟ್ಟಿಲಿಲ್ಲ, ಆಳ ಗೊತ್ತಿಲ್ಲ, ಹಿಡಿಯಲು ಬೇರಿಲ್ಲ. ಮಕ್ಕಳ ಕೈ ಬಿಡಬೇಡಿ, ಈಜು ಬರುವ ದೊಡ್ಡವರೂ ಇಳಿಯಬೇಡಿ.

ಹೆಜ್ಜೆ 6: ಬನ, ಭಂಡಾರ, ಮನೆಗಳ ಅಂಗಳ

ದಾರಿಬದಿಯಲ್ಲಿ ದಟ್ಟ ಮರಗಳ ಪುಟ್ಟ ತುಂಡು ಕಂಡರೆ ಅದು ನಾಗನ ಬನವೋ ದೈವದ ಕಾವೋ ಆಗಿರುತ್ತದೆ. ನೆರಳು ಚೆನ್ನಾಗಿದೆಯೆಂದು ಬುತ್ತಿ ಬಿಚ್ಚಬೇಡಿ. ತುಲಾ ತಿಂಗಳು ಶುರುವಾದರೆ ಮಳೆಗಾಲ ಹತ್ತಿರ ಬರುವ ತನಕ ತೆಂಕಿನಲ್ಲಿ ತೆಯ್ಯಂ, ಬಡಗಿನಲ್ಲಿ ಕೋಲ. ಭಂಡಾರ, ಅಂದರೆ ದೈವದ ಒಡವೆ ಆಯುಧಗಳ ಮೆರವಣಿಗೆ, ಬರುವುದು ಇದೇ ಕಾಲುದಾರಿಗಳಲ್ಲಿ. ದೂರದಲ್ಲಿ ಚೆಂಡೆಯೋ ತಾಸೆಯೋ ಕೇಳಿದರೆ ಪೂರ್ತಿ ದಾರಿ ಬಿಟ್ಟು ಕೆಳಗಿಳಿದು, ಚಪ್ಪಲಿ ಕಳಚಿ ನಿಲ್ಲಿ. ನಿಮಗೆ ನಂಬಿಕೆ ಇರಬೇಕೆಂದಿಲ್ಲ. ಎದುರಿನಿಂದ ನಡೆದುಕೊಂಡು ಹೋಗಿ ವಿಡಿಯೊ ಮಾಡುವುದು ಮಾತ್ರ ಬೇಡ.

ತೋಡಿನಲ್ಲಿ ಬಟ್ಟೆ ಒಗೆಯುವವರು, ಮೀಯುವವರು ಇದ್ದರೆ ಕ್ಯಾಮರಾ ಕೆಳಗಿಳಿಸಿ, ಕೆಮ್ಮಿ, ಬೇರೆ ಕಡೆ ನೋಡಿಕೊಂಡು ಹೋಗಿ. ಡ್ರೋನ್ ಹಾರಿಸಿದರೆ ಮೇಲಿನಿಂದ ಕಾಣುವುದು ಬರೀ ಪ್ರಕೃತಿಯಲ್ಲ, ಹತ್ತು ಮನೆಯ ಬಚ್ಚಲು ಕೊಟ್ಟಿಗೆಯೂ ಕಾಣುತ್ತದೆ.

ಹೆಜ್ಜೆ 7: ನಾಯಿ, ಹಾವು, ಉಂಬುಳ, ಆನೆ

ನಿಮ್ಮ ನಾಯಿಯನ್ನು ಕರೆತಂದರೆ ಹಗ್ಗ ಕಟ್ಟಿರಬೇಕು, ಎದುರಿಗೆ ಯಾರೇ ಬಂದರೂ ಹಗ್ಗ ಗಿಡ್ಡ ಮಾಡಿ ನಿಮ್ಮ ಕಾಲ ಬಳಿ ನಿಲ್ಲಿಸಿ. 'ಏನೂ ಮಾಡುವುದಿಲ್ಲ' ಎಂಬ ಭರವಸೆ ಹೆದರಿದವರಿಗೆ ಉಪಯೋಗವಿಲ್ಲ. ಊರ ನಾಯಿ ಬೊಗಳಿದರೆ ಓಡಬೇಡಿ. ನಿಂತು, ಅದರ ಕಣ್ಣಿಗೆ ಕಣ್ಣು ಕೊಡದೆ, ಮೆಲ್ಲ ಮೆಲ್ಲ ಹಿಂದೆ ಸರಿಯಿರಿ. ಕಚ್ಚಿದರೆ, ಬರೀ ಗೀರಿದರೂ, ಹರಿಯುವ ನೀರು ಮತ್ತು ಸಾಬೂನಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಮುರಕಲ್ಲಿನ ಬಿರುಕುಗಳು ಮಂಡಲದ ಹಾವುಗಳಿಗೆ (ಕೊಳಕುಮಂಡಲಗಳಿಗೆ) ಇಷ್ಟದ ಜಾಗ. ಕಾಣದ ಕಡೆ ಕೈ ಹಾಕಬೇಡಿ, ಕಲ್ಲಿನ ಮೇಲೆ ಕೂರುವ ಮೊದಲು ಕೋಲಿನಿಂದ ತಟ್ಟಿ. ಹಾವು ದಾರಿಯಲ್ಲಿದ್ದರೆ ಅದೂ ದಾರಿಹೋಕನೇ, ಹೋಗುವ ತನಕ ಕಾಯಿರಿ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ಕಳಚಿ, ಕಚ್ಚಿದ ಅಂಗ ಅಲುಗಾಡಿಸದೆ, ಹೊತ್ತುಕೊಂಡು ಇಳಿಸಿ. 108ಕ್ಕೆ ಫೋನ್ ಮಾಡಿ ವಿಷನಿರೋಧಕ ಮದ್ದು ಇರುವ ಆಸ್ಪತ್ರೆ ಯಾವುದೆಂದು ಕೇಳಿ ಅಲ್ಲಿಗೇ ಹೋಗಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. ಮನೆಯ ಹತ್ತಿರ ಹಾವು ಕಂಡರೆ ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪಿನಲ್ಲಿ ತರಬೇತಾದವರ ನಂಬರ್ ಸಿಗುತ್ತದೆ.

ಕಾಡುದಾರಿಯ ಉಂಬುಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ಎಣ್ಣೆ. ಹತ್ತಿದರೆ ಉಗುರಿನಲ್ಲಿ ಮೆಲ್ಲ ಜಾರಿಸಿ ತೆಗೆಯಿರಿ. ಉಂಬುಳ ತೆಗೆಯಲು ಇಕ್ಕಟ್ಟು ದಾರಿಯ ನಡುವೆ ಹತ್ತು ಮಂದಿ ಬಗ್ಗಿ ನಿಂತರೆ ಹಿಂದಿನವರಿಗೆ ದಾರಿ ಕಟ್ಟುತ್ತದೆ, ಬದಿಗೆ ಬನ್ನಿ.

ಆನೆಯ ಹಸಿ ಲದ್ದಿ ಕಂಡರೆ ಅಲ್ಲಿಂದಲೇ ತಿರುಗಿ. ಪಿಸುಮಾತಿನಲ್ಲಿ ಹಿಂದಿನವರಿಗೆ ಹೇಳುತ್ತಾ ಇಳಿದು, ಕೌಂಟರಿನವರಿಗೆ ತಿಳಿಸಿ, ಹತ್ತಿ ಬರುತ್ತಿರುವವರನ್ನೂ ತಡೆಯಿರಿ.

ಕಿತ್ತಳೆ ಬಣ್ಣದ ಗುಂಡು ಹಣ್ಣುಗಳು ಕೆಳಗೆ ಬಿದ್ದಿದ್ದರೆ ಮಕ್ಕಳಿಗೆ ಹೇಳಿ: ಅದು ಕಾಸರಕ, ಬೀಜ ವಿಷ. ಊರಿಗೆ ಕಾಸರಗೋಡು ಎಂಬ ಹೆಸರು ಬಂದದ್ದು ಈ ಮರದಿಂದಲೇ ಎನ್ನುತ್ತಾರೆ. 2023ರಲ್ಲಿ ಜಿಲ್ಲೆಯ ಅಧಿಕೃತ ಮರವಾಗಿಯೂ ಇದನ್ನು ಘೋಷಿಸಿದರು. ಗೌರವ ದೂರದಿಂದಲೇ ಇರಲಿ.

ಹೆಜ್ಜೆ 8: ಕಡಲತಡಿಯ ನಡಿಗೆ

ಕೆಳದಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆಯ ಹತ್ತಿರದ ಮರಳು ಎಷ್ಟು ಅಗಲವೆಂದರೆ ಇಲ್ಲಿ ಯಾರಿಗೆ ಯಾರು ಸರಿಯಬೇಕೆಂಬ ಪ್ರಶ್ನೆ ಬರುವುದಿಲ್ಲ ಅನಿಸುತ್ತದೆ. ಮೀನುಗಾರರ ತಡಿಯಲ್ಲಿ ಬರುತ್ತದೆ. ದಡದಿಂದ ಬಲೆ ಎಳೆಯುತ್ತಿದ್ದರೆ ಹಗ್ಗದ ಮೇಲೆ ಹಾದು ಹೋಗಬೇಡಿ, ಎಳೆಯುವವರ ಹಿಂದಿನಿಂದ ಸುತ್ತಿ ಹೋಗಿ. ಬಿಗಿದ ಹಗ್ಗ ಜಾರಿದರೆ ಕಾಲು ಕತ್ತರಿಸುತ್ತದೆ. ದೋಣಿ ದಡಕ್ಕೆ ಹಾಯಿಸುವಾಗ ಅದರ ನೇರಕ್ಕೆ ನಿಲ್ಲಬೇಡಿ. ಒಣಹಾಕಿದ ಮೀನು, ಹರಡಿದ ಬಲೆ ತುಳಿಯಬಾರದೆಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಹೇಳಬೇಕಾಗುತ್ತದೆ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುವ ತಡಿಗಳಲ್ಲಿ ರಾತ್ರಿ ಟಾರ್ಚ್ ಹಾಕಿ ತಿರುಗಬೇಡಿ. ಕೋಲು ನೆಟ್ಟು ಬಲೆ ಸುತ್ತಿದ ಜಾಗವನ್ನು ಸುತ್ತಿ ಹೋಗಿ.

ಹೆಜ್ಜೆ 9: ಗುಡ್ಡೆಗೆ ಹೋಗುವುದು

ನಮ್ಮ ಕಡೆ ಒಂದು ಕಾಲದಲ್ಲಿ 'ಗುಡ್ಡೆಗೆ ಹೋಗಿ ಬರುತ್ತೇನೆ' ಎಂದರೆ ಒಂದೇ ಅರ್ಥ. ಈಗ ಅದೇ ಸಮಸ್ಯೆ ಬೇರೆ ವೇಷದಲ್ಲಿ ಬಂದಿದೆ. ಬೇರೆ ಕಡೆ ನೀರಿನಿಂದ 60 ಮೀಟರ್ ದೂರ ಹೋಗಿ ಅರ್ಧ ಅಡಿ ಗುಂಡಿ ತೋಡಿ ಮುಚ್ಚಲು ಹೇಳುತ್ತಾರೆ. ಮುರಕಲ್ಲಿನಲ್ಲಿ ಹಾರೆಗೂ ಗುಂಡಿ ಬೀಳುವುದಿಲ್ಲ, ಮತ್ತೆ ಗುಡ್ಡೆಯ ಮೇಲೆ ಇಳಿದ ನೀರೇ ಕೆಳಗೆ ಸುರಂಗದಲ್ಲಿ ಬರುವುದು. ಹೊರಡುವ ಮೊದಲು ಪೇಟೆಯಲ್ಲೇ ಮುಗಿಸಿ ಬನ್ನಿ. ತೀರಾ ಅನಿವಾರ್ಯವಾದರೆ ಮಣ್ಣಿರುವ ಕಡೆ, ದಾರಿಯಿಂದಲೂ ತೋಡಿನಿಂದಲೂ ದೂರ. ಕಾಗದ, ಪ್ಯಾಡು ಚೀಲದಲ್ಲಿ ವಾಪಸ್.

ಕಸವೂ ವಾಪಸ್. ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಕರಗುತ್ತದಲ್ಲ ಎಂದು ಎಸೆಯಬೇಡಿ, ಬೋಳು ಕಲ್ಲಿನ ಮೇಲೆ ಅದು ಬಹಳ ದಿನ ಕೂರುತ್ತದೆ, ಮಂಗಗಳಿಗೆ ದುರಭ್ಯಾಸವಾಗುತ್ತದೆ. ಇಳಿದ ಮೇಲೆ ಚಹಾದಂಗಡಿಯ ಡಬ್ಬಿಗೆ ಸುರಿಯುವುದೂ ಸರಿಯಲ್ಲ. ಇಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಅಂಗಡಿಗಳಿಂದ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಸಂಗ್ರಹಿಸುತ್ತಾರೆ, ಅದಕ್ಕೆ ಅಂಗಡಿಯವರು ಶುಲ್ಕ ಕೊಡುತ್ತಾರೆ. ನಿಮ್ಮ ಸಾಂಬಾರು ಮೆತ್ತಿದ ಪೊಟ್ಟಣಕ್ಕೆ ಅವರು ಯಾಕೆ ಕೊಡಬೇಕು?

ಹೆಜ್ಜೆ 10: ಇಳಿದ ಮೇಲೆ

ತಲೆ ಎಣಿಸಿ. ಬೆಳಿಗ್ಗೆ ದಾರಿ ಹೇಳಿದ ಅಂಗಡಿಯವರಿಗೆ "ಇಳಿದೆವು" ಎಂದು ಹೇಳಿ ಹೋಗಿ. ಹೇಳದಿದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಲು ಹೊರಡುವವರು ಅವರೇ. ಮರ ಬಿದ್ದದ್ದು, ಸಂಕದ ಮರ ಕುಂಬಾದದ್ದು (ಕೊಳೆತದ್ದು), ಬೇಲಿಯಿಲ್ಲದ ಕೋರೆ ಕಂಡದ್ದು ಇದ್ದರೆ ಅಲ್ಲೇ ತಿಳಿಸಿ. ಅದು ವಾರ್ಡ್ ಮೆಂಬರಿನ ಕಿವಿಗೆ ಸಂಜೆಯೊಳಗೆ ಮುಟ್ಟುತ್ತದೆ. ಫೋಟೊ ಹಾಕುವಾಗ ಮನೆಯಂಗಳದ ಮೂಲಕ ಹೋಗುವ ದಾರಿಯ ಲೊಕೇಶನ್ ಹಾಕಬೇಡಿ. ಮುಂದಿನ ಭಾನುವಾರ ಅಲ್ಲಿ ಮೂವತ್ತು ಬೈಕು ನಿಂತಿರುತ್ತವೆ.

ಆ ಅಮ್ಮ ಮತ್ತೆ ಎರಡು ಮೂರು ಸಲ ಸಿಕ್ಕಿದ್ದಾರೆ. ಒಮ್ಮೆ ಹೊರೆ ತಲೆಗೇರಿಸಲು ಕೈಕೊಟ್ಟೆ. ಕೊಡುವ ರೀತಿ ನನಗೆ ಗೊತ್ತಿರಲಿಲ್ಲ, ಮುಳಿ ಅರ್ಧ ಕೆಳಗೆ ಚೆಲ್ಲಿತು. ಬೈದುಕೊಂಡೇ ಹೇಳಿಕೊಟ್ಟರು: ಹೊರೆಯನ್ನು ನೆಟ್ಟಗೆ ನಿಲ್ಲಿಸಿ, ಹೊರುವವರು ಬಗ್ಗಿ ಸಿಂಬೆಯಿಟ್ಟ ತಲೆಯನ್ನು ಅದರ ನಡುವಿಗೆ ಒತ್ತಬೇಕು, ನೀನು ಬುಡದಿಂದ ಎತ್ತಿ ಕೊಡಬೇಕು, ಅವರು ಎದ್ದು ನಿಂತು ಎರಡು ಹೆಜ್ಜೆ ಇಡುವ ತನಕ ಕೈ ಬಿಡಬಾರದು.